ಮಹಡಿ ಕೋಣೆಯ ಹನ್ನೆರಡನೇ ಕಲಮು

ಮಹಡಿ ಕೋಣೆ
ಮಾರ್ಚ್ 3

ಘನತೆವೆತ್ತ ಅಕ್ಕನವರ ಸನ್ನಿಧಾನಕ್ಕೆ,

ಮಹಡಿ ಕೋಣೆ ಆಡಳಿತ ಇಲಾಖೆಯು ಅತ್ಯಂತ ವಿಷಾದದಿಂದ ತಮ್ಮ ಗಮನಕ್ಕೆ ತರುವುದೇನೆಂದರೆ, ನಮ್ಮ ಒಪ್ಪಂದದ ಎರಡನೇ ಕಲಮಿನ ಘೋರ ಉಲ್ಲಂಘನೆಯಾಗಿದೆ. ಆರೋಪಿ: ಅಪ್ಪ. ಅಪರಾಧ: ತಿರುಗದ ಟೇಬಲ್ ಫ್ಯಾನೊಂದನ್ನು ಮಹಡಿ ಕೋಣೆಯ ಕಿಟಕಿಯ ಪಕ್ಕ ಇಡಿಸಿ, "ಇದು ಇಲ್ಲೇ ಇರ್ಲಿ, ಇನ್ಮೇಲೆ ಇದು ನನ್ನ ರಿಪೇರಿ ಜಾಗ" ಎಂದು ಬಾಯಿಬಿಟ್ಟು ಹೇಳಿರುವುದು. ಫ್ಯಾನು ಹೊತ್ತು ತಂದವಳು ನಾನೇ ಆದ್ದರಿಂದ ಇಲಾಖೆಯೂ ಸಹ-ಆರೋಪಿ. ತನಿಖೆಯನ್ನು ಇಲಾಖೆಯೇ ನಡೆಸಲಿದೆ.

ನೀನು ಮರೆತಿರಲಾರೆ. ಆದರೂ ದಾಖಲೆಗಾಗಿ ಬರೆಯುತ್ತೇನೆ. ನೀನು ಕಾನೂನು ಓದುತ್ತಿದ್ದೆ, ನನಗೆ ಏಳು ವರ್ಷ. ಚಂದ್ರ ಮತ್ತು ಇತರ ಆಕಾಶಕಾಯಗಳ ಒಪ್ಪಂದವನ್ನು ಪರೀಕ್ಷೆಗಾಗಿ ಉರು ಹೊಡೆಯುತ್ತ, ಬಾಯಿಪಾಠ ಒಪ್ಪಿಸಿಕೊಳ್ಳಲು ಬೇರೆ ಯಾರೂ ಸಿಗದೆ ನನ್ನನ್ನು ಕೂರಿಸಿಕೊಳ್ಳುತ್ತಿದ್ದೆ. ನಿನ್ನ ಮಂಚ ನಾನು ಕಬಳಿಸುತ್ತೇನೆಂದು ಜಗಳವಾದ ದಿನ ಅದೇ ಒಪ್ಪಂದವನ್ನು ಈ ಕೋಣೆಗೆ ಇಳಿಸಿ ನನ್ನ ಕಾಪಿ ಪುಸ್ತಕದಲ್ಲಿ ಬರೆದೆ. ಒಂದು, ಕೋಣೆ ಎಲ್ಲರದೂ. ಎರಡು, ಬಳಸಿದ ಮಾತ್ರಕ್ಕೆ, ಕೂತ ಮಾತ್ರಕ್ಕೆ ಯಾರೂ "ನಂದು" ಅನ್ನತಕ್ಕದ್ದಲ್ಲ. ಐದು, ಮೆಟ್ಟಿಲಿನಿಂದ ಬಿದ್ದವರನ್ನು ಯಾವ ಪಕ್ಷದವರೇ ಆಗಲಿ ಎತ್ತಿ, ಅವರವರ ಹಾಸಿಗೆಗೆ ಮುಟ್ಟಿಸತಕ್ಕದ್ದು. ಹನ್ನೆರಡು, ಒಬ್ಬರ ಠಾಣೆಗೆ ಇನ್ನೊಬ್ಬರು ಬರಬಹುದು, ಮುಂಚಿತವಾಗಿ ನೋಟಿಸು ಕೊಟ್ಟು. ಕಾಗದಪತ್ರಗಳೆಲ್ಲ ಬಿಸ್ಕತ್ತಿನ ಡಬ್ಬಿಗೆ.

ಸಹಿ ಹಾಕಿದವರು ನಾವಿಬ್ಬರು. ಅಪ್ಪನ ಮುಂದೆ ಹಿಡಿದಾಗ ಅವರು ಕನ್ನಡಕದ ಮೇಲಿಂದ ನೋಡಿ, "ಅಳತೆ ಇಲ್ಲದ ಕಾಗದಕ್ಕೆ ನಾನು ಸಹಿ ಹಾಕೋನಲ್ಲ" ಅಂದಿದ್ದರು. ಹಾಗಾಗಿ ಅವರಿಗೆ ಈ ಒಪ್ಪಂದ ಅನ್ವಯಿಸುವುದೋ ಇಲ್ಲವೋ ಎಂಬ ಜಟಿಲ ಪ್ರಶ್ನೆ ಎದ್ದಿದೆ. ಚಂದ್ರನನ್ನು ಜಗಳವಿಲ್ಲದೆ ಹೇಗೆ ಬಳಸಬೇಕೆಂದು ಅಷ್ಟೊಂದು ದೇಶದವರು ಕೂತು ಮಾತಾಡುವ ಕಚೇರಿಯಲ್ಲಿ ಕಾನೂನು ಅಧಿಕಾರಿಯಾಗಿರುವ ನೀನೇ ದಾರಿ ತೋರಬೇಕು.

ಕೆಳಗಿನ ದುಂಡನೆ ಸೀಲು ನೋಡು. ನಾನೇ ಕೆತ್ತಿದ್ದು. ರಬ್ಬರ್ ಸ್ಟಾಂಪಿನ ಅಂಗಡಿಗೆ ಸೇರಿ ಎಂಟು ತಿಂಗಳಾಯಿತು. ಈಗ ತಿರುಗುಮುರುಗಾದ ಅಕ್ಷರವೇ ನನಗೆ ನೇರವಾಗಿ ಕಾಣುತ್ತದೆ. ಯಜಮಾನರು "ಉಳಿದ ಚೂರಲ್ಲಿ ಏನಾದ್ರೂ ಮಾಡ್ಕೋ" ಅಂದರು. ನಾನು ಸರ್ಕಾರ ಮಾಡಿಕೊಂಡೆ.

ಇನ್ನೊಂದು. ಅಪ್ಪ ಈಗ ಮಹಡಿಗೆ ಬರುವಾಗ ನಾಲ್ಕನೇ ಮೆಟ್ಟಿಲಲ್ಲಿ ಕೂತು ಹತ್ತುತ್ತಾರೆ. ಮೊನ್ನೆ ಅಲ್ಲಿ ಕೂತವರು, ಗೋಡೆಗೆ ಹೇಳುವ ಹಾಗೆ ಹೇಳಿದರು: "ಮೇಲೆ ಬಿದ್ದಿದ್ದು ಈಗ ಯಾರದ್ದು ಅಂತ, ಅಲ್ಲಿರೋರನ್ನ ಕೇಳು." ಮೇಲೆ ಅಂದರೆ ಚಂದ್ರ. ಬಿದ್ದಿದ್ದು ಅಂದರೆ ಅಪ್ಪನ ಕಾರ್ಖಾನೆಯೂ ಕೈ ಹಾಕಿದ್ದ ಆ ನೌಕೆ. ಅಲ್ಲಿರೋರು ಅಂದರೆ ನೀನು. ಆರು ವರ್ಷದಲ್ಲಿ ನಿನ್ನ ಸುದ್ದಿ ಅವರ ಬಾಯಲ್ಲಿ ಬಂದಿದ್ದು ಇದೇ ಮೊದಲು. ಅದಕ್ಕೇ ಫೋನು ಮಾಡದೆ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಎದ್ದು ಹೋಗುತ್ತಾರೆ. ಕಾಗದವಾದರೆ ಓದಿಸಿಕೊಂಡು ಕೂರಬಹುದು.

ಇಲಾಖೆಯ ಪರವಾಗಿ,
ಪುಟ್ಟಿ
(ಮುಖ್ಯಸ್ಥೆ, ಗುಮಾಸ್ತೆ ಮತ್ತು ಕಸ ಗುಡಿಸುವವಳು)


ಮಾರ್ಚ್ 19

ಪುಟ್ಟಿ,

ನಿನ್ನ ಸೀಲು ನೋಡಿ ನಮ್ಮ ಕಚೇರಿಯ ಟಪಾಲು ವಿಭಾಗದವರು ಲಕೋಟೆಯನ್ನು ವಿದೇಶಾಂಗ ಕಡತದಲ್ಲಿ ಇಟ್ಟಿದ್ದರು. ಎರಡು ದಿನ ತಡವಾಗಿ ನನ್ನ ಮೇಜಿಗೆ ಬಂತು. ಇನ್ನುಮೇಲೆ ಲಕೋಟೆಯ ಮೇಲೆ ಒತ್ತಬೇಡ.

ಅಪ್ಪನ ಪ್ರಶ್ನೆಗೆ ಉತ್ತರ. ಚಂದ್ರನ ನೆಲ ಯಾರದೂ ಅಲ್ಲ. ಅದರ ಮೇಲೆ ಇಳಿದ ಅಥವಾ ಬಿದ್ದ ವಸ್ತು ಮಾತ್ರ ಕಳಿಸಿದವರದೇ. ಒಡೆದಿರಲಿ, ಕೆಟ್ಟಿರಲಿ, ನೂರು ವರ್ಷ ಬಿದ್ದಿರಲಿ, ಅದರ ಒಡೆತನ ಬದಲಾಗುವುದಿಲ್ಲ. ಅವರ ಅನುಮತಿ ಇಲ್ಲದೆ ಬೇರೆಯವರು ಎತ್ತುವ ಹಾಗಿಲ್ಲ. ಆ ನೌಕೆಯನ್ನು ನಾಲ್ಕು ದೇಶ ಸೇರಿ ಕಳಿಸಿದ್ದವು. ನೋಂದಣಿ ನಮ್ಮ ದೇಶದ ಹೆಸರಿನಲ್ಲಿದೆ. ಹಾಗಾಗಿ ಅದರೊಳಗಿನ ಪ್ರತಿ ತಿರುಪು, ಪ್ರತಿ ರಿಂಗು ಇಂದಿಗೂ ನಮ್ಮ ದೇಶದ್ದೇ. ಮಾಡಿದ ಕೈ ಯಾರದು ಎಂದು ಕಾನೂನು ಕೇಳುವುದಿಲ್ಲ.

ಇದನ್ನು ಹೇಗೆ ಓದಿ ಹೇಳುತ್ತೀಯೋ ನಿನಗೆ ಬಿಟ್ಟಿದ್ದು. ಕೊನೆಯ ವಾಕ್ಯ ಓದಬೇಡ.

ನಾಲ್ಕನೇ ಮೆಟ್ಟಿಲಲ್ಲಿ ಎಷ್ಟು ಹೊತ್ತು ಕೂರುತ್ತಾರೆ? ಸರಿಯಾಗಿ ನೋಡಿ ಬರೆ.

ಅಕ್ಕ


ಮಹಡಿ ಕೋಣೆ
ಏಪ್ರಿಲ್ 2

ಅಕ್ಕನವರ ಸನ್ನಿಧಾನಕ್ಕೆ,

ತಮ್ಮ ಕಾನೂನು ಅಭಿಪ್ರಾಯವನ್ನು ತುಂಬಿದ ಸಭೆಯಲ್ಲಿ ಓದಲಾಯಿತು. ಸಭೆಯಲ್ಲಿ ಅಪ್ಪ, ಗೇಜು ಮಾಮ ಮತ್ತು ತಿರುಗದ ಫ್ಯಾನು. ಗೇಜು ಮಾಮ ನೆನಪಿದ್ದಾರಲ್ಲ. ಕಾರ್ಖಾನೆಯಲ್ಲಿ ಲೋಹ ಕಡೆಯುವಾಗ ಅಪ್ಪನ ಪಕ್ಕದ ಲೇತಿನವರು. ನಿವೃತ್ತಿಯಾಗಿ ಮೂರು ವರ್ಷವಾದರೂ ಜೇಬಿನಲ್ಲಿ ಅಳತೆಯ ಗೇಜು ಇಟ್ಟುಕೊಂಡೇ ತಿರುಗುತ್ತಾರೆ. ಅಂಗಡಿಯಲ್ಲಿ ಗುಂಡಿ ಕೊಂಡರೂ ಅಳೆದು ಕೊಳ್ಳುತ್ತಾರೆ.

ಓದಿ ಮುಗಿಸಿದೆ. ಕೊನೆಯ ವಾಕ್ಯ ಓದಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸ್ಕ್ರೂಡ್ರೈವರಿನ ತುದಿ ಒರೆಸಿದರು.

"ಅಂದ್ರೆ ಅಲ್ಲೇ ಇದೆ."

"ಇದೆ ಅಪ್ಪ."

"ಯಾರೂ ಮುಟ್ಟಿಲ್ಲ."

"ಮುಟ್ಟೋ ಹಾಗಿಲ್ವಂತೆ."

"ಒಳ್ಳೇದು. ಅಲ್ಲಿ ತುಕ್ಕು ಹಿಡಿಯಲ್ಲ. ಗಾಳಿ ಇಲ್ಲ, ನೀರಿಲ್ಲ. ಹೇಗೆ ಕಳಿಸಿದ್ನೋ ಹಾಗೇ ಇರುತ್ತೆ. ಯಾವಾಗ ಬೇಕಾದ್ರೂ ಹೋಗಿ ಅಳೀಬಹುದು."

ಗೇಜು ಮಾಮ ತಕ್ಷಣ ಜೇಬಿಗೆ ಕೈ ಹಾಕಿ, "ನಡಿ, ನಾನು ರೆಡಿ" ಅಂದರು. ಅಪ್ಪ ನಕ್ಕರು, ಅಕ್ಕ. ನಕ್ಕು, ಕೆಮ್ಮಿ, ಆಮೇಲೆ, "ಹೆಚ್ಚು-ಕಡಿಮೆ ನೂರರಲ್ಲೊಂದು ಕೇಳಿದ್ರು. ನಾನು ಅದರ ಅರ್ಧದಲ್ಲಿ ಕೊಟ್ಟಿದ್ದೆ" ಅಂದರು. ಅಳತೆ ಆಚೀಚೆ ಆಗಬಹುದಾದದ್ದು ಮಿಲಿಮೀಟರಿನ ನೂರರಲ್ಲೊಂದು ಪಾಲು ಮಾತ್ರ ಅಂತ ಗೇಜು ಮಾಮ ನನಗೆ ಅರ್ಥ ಹೇಳಿದರು, ನಾನು ಲೇತಿನವನ ಮಗಳೇ ಅಲ್ಲವೇನೋ ಅನ್ನುವ ಹಾಗೆ.

ತನಿಖಾ ವರದಿ ಬಂದಾಗ ನನಗೆ ಹದಿನೈದು. ಆಗ ನನಗೆ ತಿಳಿದದ್ದು ಇಷ್ಟೇ: ನೌಕೆ ಇಳಿಯುವ ಬದಲು ಬಿತ್ತು, ಇಂಧನದ ಕೊಳವೆಯಲ್ಲಿನ ರಿಂಗು ಸೋರಿತು ಅಂತ ವರದಿ ಹೇಳಿತು, ಆ ರಿಂಗು ಅಪ್ಪ ಕಡೆದದ್ದು. ಕೆಲಸದ ಕೊನೆಯ ಎರಡು ವರ್ಷ ಅವರನ್ನು ಲೇತಿನಿಂದ ಎಬ್ಬಿಸಿ ಉಗ್ರಾಣದ ಬಾಗಿಲಲ್ಲಿ ಪೊರಕೆ, ಕೈಚೀಲ, ಎಣ್ಣೆ ಡಬ್ಬ ಹಂಚಲು ಕೂರಿಸಿದರು. ನೀನು ಮನೆ ಬಿಟ್ಟೆ. ನೀವಿಬ್ಬರೂ ಯಾಕೆ ಮಾತು ಬಿಟ್ಟಿರಿ ಎಂದು ನನಗೆ ಯಾರೂ ಹೇಳಲಿಲ್ಲ. ನಾನು ಚಿಕ್ಕವಳು, ತಮಾಷೆಯವಳು. ನನ್ನ ಪಾಲಿಗೆ ಕೋಣೆಯೊಂದು ಪೂರ್ತಿ ಸಿಕ್ಕಿತು.

ಈಗ ಅಂಕಿಅಂಶ. ನಾಲ್ಕನೇ ಮೆಟ್ಟಿಲು: ಆರು ನಿಮಿಷ. ಒಟ್ಟು ಮೆಟ್ಟಿಲು ಹನ್ನೊಂದು. ಡಾಕ್ಟರು ಹೃದಯದ ಚಿತ್ರ ತೆಗೆದು, ದೊಡ್ಡದಾಗಿದೆ ಅಂದರು. "ದೊಡ್ಡ ಹೃದಯ ಒಳ್ಳೇದಲ್ವಾ ಡಾಕ್ಟ್ರೇ" ಅಂತ ನಾನು ಕೇಳಿದ್ದಕ್ಕೆ ಅವರು ನಗಲಿಲ್ಲ. ಇನ್ನು ಮೆಟ್ಟಿಲು ಹತ್ತುವ ಹಾಗಿಲ್ಲ. ಫ್ಯಾನನ್ನು ಕೆಳಕ್ಕೆ ತರಲೇ ಅಂದರೆ ಅಪ್ಪ, "ಬೇಡ. ಅದರ ಜಾಗ ಅದು" ಅಂದರು. ಉಲ್ಲಂಘನೆ ಮುಂದುವರಿದಿದೆ.

ಹನ್ನೆರಡನೇ ಕಲಮನ್ನು ಒಮ್ಮೆ ಓದಿ ನೋಡು.

ಪುಟ್ಟಿ


ಏಪ್ರಿಲ್ 20

ಪುಟ್ಟಿ,

ನಿನಗೆ ಯಾರೂ ಹೇಳದ್ದನ್ನು ನಾನೇ ಹೇಳಬೇಕು. ಬರೆದು ಮೂರು ಸಲ ಹರಿದೆ. ಇದು ನಾಲ್ಕನೆಯದು.

ಇಂಥ ಜಂಟಿ ಸಭೆಗಳಲ್ಲಿ ಕೈ ಎತ್ತಿಸಿ ಎಣಿಸುವುದಿಲ್ಲ. ಕರಡನ್ನು ಎಲ್ಲರಿಗೂ ಕಳಿಸುತ್ತಾರೆ. ಇಂಥ ದಿನ, ಇಂಥ ಗಂಟೆಯೊಳಗೆ ಯಾರಿಂದಲೂ ಆಕ್ಷೇಪಣೆ ಬಾರದಿದ್ದರೆ ಎಲ್ಲರೂ ಒಪ್ಪಿದಂತೆ. ಮೌನವೇ ಸಹಿ. ನಾಲ್ಕು ದೇಶಗಳ ತನಿಖಾ ವರದಿಯೂ ಹಾಗೇ ಬಂತು. ಆಗ ನಾನು ನಮ್ಮ ದೇಶದ ತಂಡದಲ್ಲಿ ಎಲ್ಲರಿಗಿಂತ ಕಿರಿಯಳು. ಗಡುವು ಸಂಜೆ ಐದು ಗಂಟೆ.

ಮಧ್ಯಾಹ್ನ ಅಪ್ಪ ಕಚೇರಿಗೇ ಫೋನು ಮಾಡಿದರು. ಅವರು ಕಚೇರಿಗೆ ಫೋನು ಮಾಡಿದ್ದು ಅದೊಂದೇ ಸಲ. ತಾವು ಮೂರು ರಿಂಗು ಕಡೆದದ್ದು, ಎರಡನ್ನು ತಾವೇ ಬೇಡವೆಂದು ಗೆರೆ ಹಾಕಿ ಪಕ್ಕಕ್ಕಿಟ್ಟದ್ದು, ಜೋಡಿಸುವವರು ಯಾವುದನ್ನು ಎತ್ತಿಕೊಂಡರೆಂದು ಯಾರೂ ಬರೆದಿಡದೇ ಹೋದದ್ದು, ಎಲ್ಲ ಹೇಳಿದರು. "ನನ್ನ ಪರವಾಗಿ ಮಾತಾಡು ಅನ್ನಲ್ಲ. ಯಾವ ರಿಂಗು ಹಾಕಿದ್ರಿ ಅಂತ ಒಂದೇ ಒಂದು ಸಲ ಕೇಳು" ಅಂದರು.

ಒಂದು ಚೀಟಿ ಬರೆದು ನನ್ನ ಮೇಲಿನವರ ಮುಂದೆ ಇಟ್ಟಿದ್ದರೆ ಸಾಕಿತ್ತು. ಚೀಟಿ ಬರೆದೆ. ಕಡೆದವರ ಮಗಳು ಕೇಳುತ್ತಿದ್ದಾಳೆ ಎಂದು ಗೊತ್ತಾದರೆ ಏನಾಗುತ್ತದೆ ಎಂದು ಯೋಚಿಸುತ್ತ ಕೂತೆ. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು. ಐದು ಹೊಡೆಯಿತು. ಅಧ್ಯಕ್ಷರು "ಆಕ್ಷೇಪಣೆ ಇಲ್ಲ" ಎಂದು ಬರೆಸಿದರು. ಅದನ್ನು ಬರೆದುಕೊಂಡವಳು ನಾನೇ.

ಆ ಸಂಜೆ ಮನೆಗೆ ಬಂದಾಗ ಅಪ್ಪ, "ಕೇಳಿದ್ಯಾ?" ಅಂದರು. "ಇಲ್ಲ" ಅಂದೆ. ನಮ್ಮಿಬ್ಬರ ಮಾತು ಅಲ್ಲಿಗೆ ನಿಂತಿದೆ.

ನಾನು ಬಂದರೆ ಅವರು ಎದ್ದು ಹೋಗುತ್ತಾರೆ ಎಂಬ ಭಯ ನನಗೆ ಮೊದಲಿನಿಂದ ಇದೆ. ಈಗ ಎದ್ದು ಹೋಗುವ ಶಕ್ತಿಯೂ ಅವರಿಗಿಲ್ಲವಲ್ಲ ಎಂಬ ಭಯ ಸೇರಿದೆ. ಆದರೂ ಬರುತ್ತೇನೆ. ನಿನ್ನ ಹನ್ನೆರಡನೇ ಕಲಮಿನ ಪ್ರಕಾರ ಇದು ನೋಟಿಸು: ಮೇ 12ಕ್ಕೆ ಬಂದು ಇಳಿಯುತ್ತೇನೆ. ಟಿಕೆಟ್ಟು ತೆಗೆದಿದ್ದಾಗಿದೆ.

ಅಕ್ಕ


ಮಹಡಿ ಕೋಣೆ
ಏಪ್ರಿಲ್ 28

ಘನತೆವೆತ್ತ ಅಕ್ಕನವರ ಸನ್ನಿಧಾನಕ್ಕೆ,

ತಾವು ಬರೆದದ್ದನ್ನು ಓದಿದೆ. ಅದರ ಬಗ್ಗೆ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ. ಆದ್ದರಿಂದ ಇಲಾಖೆ ತನಗೆ ತಿಳಿದ ಕೆಲಸ ಮಾಡುತ್ತಿದೆ.

ತಮ್ಮ ನೋಟಿಸು ತಿರಸ್ಕೃತವಾಗಿದೆ. ಕಾರಣಗಳು: ನೋಟಿಸಿನ ಮೇಲೆ ಸೀಲು ಇಲ್ಲ. ಭೇಟಿಯ ಉದ್ದೇಶ ನಮೂದಿಸಿಲ್ಲ. ಕಾಲಾವಕಾಶ ಮೂವತ್ತು ದಿನಕ್ಕಿಂತ ಕಡಿಮೆ. (ಮೂವತ್ತು ದಿನ ಎಂದು ಎಲ್ಲಿ ಬರೆದಿದೆ ಎಂದು ಕೇಳಬೇಡಿ. ನಿನ್ನೆ ತಿದ್ದುಪಡಿಯಾಗಿದೆ.)

ತಮಾಷೆ ಬಿಟ್ಟು ಹೇಳುತ್ತೇನೆ ಅಕ್ಕ, ಇದರಲ್ಲಿ ತಂತ್ರವಿದೆ. ನೀನು ದಿಢೀರನೆ ಬಂದು ಬಾಗಿಲಲ್ಲಿ ನಿಂತರೆ ಅಪ್ಪನ ಮುಖ ಗಟ್ಟಿಯಾಗುತ್ತದೆ. ಅವರ ಬಾಯಿಂದ "ಬಾ" ಅನ್ನಿಸುವುದು ನನ್ನ ಕೈಲಿ ಆಗದ ಕೆಲಸ. "ಬೇಡ" ಅನ್ನಿಸದೇ ಇರುವುದು ಆಗುತ್ತದೆ. ನಿಮ್ಮ ಸಭೆಯ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದೇನೆ. ಮೇ 1ರಿಂದ 30ರವರೆಗೆ ಗಡುವು. ಅಷ್ಟರಲ್ಲಿ ಅಪ್ಪನಿಂದ ಲಿಖಿತ ಆಕ್ಷೇಪಣೆ ಬಾರದಿದ್ದರೆ ಅವರು ಒಪ್ಪಿದಂತೆ. ಅಂದು ಒಬ್ಬರ ಮೌನದಿಂದ ಕೆಟ್ಟದ್ದು ಇಂದು ಇನ್ನೊಬ್ಬರ ಮೌನದಿಂದ ಸರಿಯಾಗಲಿ. ಇದು ನನಗೆ ತಾನಾಗಿ ಹೊಳೆದ ಮಾತು. ಬರೆದ ಮೇಲೆ ನನಗೇ ಹೆಮ್ಮೆಯಾಯಿತು.

ನಿನ್ನೆ ಊಟವಾದ ಮೇಲೆ ಕುರ್ಚಿಯ ಮೇಲೆ ನಿಂತು ಪ್ರಕಟಣೆ ಓದಿದೆ. "ಮಹಡಿ ಕೋಣೆಗೆ ಹಿರಿಯ ಮಗಳು ಎಂಬ ಪಕ್ಷದವರ ಆಗಮನದ ಬಗ್ಗೆ ಆಕ್ಷೇಪಣೆ ಇರುವವರು ಬರೆದು, ಮಡಚಿ, ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕತಕ್ಕದ್ದು. ಬಾಯಿಮಾತಿನ ಅಹವಾಲು ಸ್ವೀಕರಿಸಲಾಗುವುದಿಲ್ಲ." ಡಬ್ಬಿಯನ್ನು ಮೇಲೆಯೇ ಇಟ್ಟಿರುವುದು ನನ್ನ ಜಾಣತನ. ಅಪ್ಪ ಮೆಟ್ಟಿಲು ಹತ್ತುವ ಹಾಗಿಲ್ಲ, ಹಾಗಾಗಿ ಆಕ್ಷೇಪಣೆ ಬರುವ ಹಾಗಿಲ್ಲ.

ಅಪ್ಪ ಕೇಳಿಸಿಕೊಂಡರು. ಎದ್ದು ಹೋಗಲಿಲ್ಲ. "ಆ ಡಬ್ಬಿ ಇನ್ನೂ ಇದೆಯಾ?" ಅಂದರು.

"ಇದೆ. ಕಿಟಕಿ ಮೇಲೆ, ನಿಮ್ಮ ಫ್ಯಾನಿನ ಪಕ್ಕ."

"ಹೂಂ" ಅಂದು ಪತ್ರಿಕೆ ಎತ್ತಿಕೊಂಡರು.

ಟಿಕೆಟ್ಟು ಜೂನ್ 1ಕ್ಕೆ ಬದಲಾಯಿಸು. ನೋಟಿಸು ಸೀಲಿನೊಂದಿಗೆ ಬರಲಿ.

ಪುಟ್ಟಿ


ಮೇ 9

ಮಹಡಿ ಕೋಣೆ ಆಡಳಿತ ಇಲಾಖೆಗೆ,

ಟಿಕೆಟ್ಟು ಜೂನ್ 1ಕ್ಕೆ ಬದಲಾಯಿಸಿದ್ದೇನೆ. ಕೆಳಗೆ ಸೀಲು ಒತ್ತಿದೆ. ಕಚೇರಿಯಲ್ಲಿ ಕೆಲಸಕ್ಕೆ ಬಾರದೆಂದು ಮೂಲೆಗೆ ಎಸೆದಿದ್ದ "ಸ್ವೀಕರಿಸಲಾಗಿದೆ" ಎಂಬ ಸೀಲು. ಅದೊಂದೇ ಸಿಕ್ಕಿತು. ಭೇಟಿಯ ಉದ್ದೇಶ: ಪರಿಶೀಲನೆ.

ನಿನ್ನ ಆಟಕ್ಕೆ ನಾನು ಯಾಕೆ ಇಷ್ಟು ಸುಲಭವಾಗಿ ಒಪ್ಪಿದೆ ಎಂದು ಯೋಚಿಸಿದೆ. ಅವರು ಬಾಯಿಬಿಟ್ಟು ಕರೆದರೆ ನನಗೆ ಮುಖ ಎತ್ತಲಾಗುವುದಿಲ್ಲ. ಬೇಡವೆನ್ನದೆ ಸುಮ್ಮನಿದ್ದರೆ ಸಾಕು, ಅಷ್ಟನ್ನು ಹೊರಬಲ್ಲೆ. ಹಾಗಾಗಿ ದಿನ ಎಣಿಸುತ್ತಿದ್ದೇನೆ. ಇವತ್ತಿಗೆ ಒಂಬತ್ತು. ಊಟದ ಹೊತ್ತಿನಲ್ಲಿ ಪಕ್ಕದ ಮೇಜಿನವರು "ಏನು ಎಣಿಸ್ತಿದ್ದೀರಿ" ಎಂದು ಕೇಳಿದರು. ಆಕ್ಷೇಪಣೆಗಳನ್ನು, ಅಂದೆ. "ಎಷ್ಟಿವೆ?" ಒಂದೂ ಇಲ್ಲ, ಅಂದೆ. ಅವರು ಅಭಿನಂದಿಸಿದರು.

ಔಷಧಿ ಹೊತ್ತಿಗೆ ಸರಿಯಾಗಿ ಕೊಡು.

ಅಕ್ಕ


ಮಹಡಿ ಕೋಣೆ
ಮೇ 17

ಅಕ್ಕನವರ ಸನ್ನಿಧಾನಕ್ಕೆ,

ಹದಿನೇಳನೇ ದಿನದ ವರದಿ. ಆಕ್ಷೇಪಣೆ: ಶೂನ್ಯ.

ಇತರೆ ಬೆಳವಣಿಗೆಗಳು ಹೀಗಿವೆ. ದಿನಾಂಕ 11ರಂದು ಆರೋಪಿಯು, "ಮೇಲಿನ ಹಾಸಿಗೆ ಎಷ್ಟು ದಿನದಿಂದ ಹಾಗೇ ಬಿದ್ದಿದೆಯೋ, ಒಂದ್ಸಲ ಬಿಸಿಲಿಗೆ ಹಾಕು" ಎಂದರು. ಯಾರ ಹಾಸಿಗೆ ಎಂದು ಇಲಾಖೆ ಕೇಳಿದ್ದಕ್ಕೆ, "ಹಾಸಿಗೆಗೆ ಯಾರದ್ದು ಅಂತ ಇರುತ್ತಾ? ಎರಡನೇ ಕಲಮು ಓದು" ಎಂದು ಉತ್ತರ ಬಂತು. ಸಹಿ ಹಾಕದವರಿಗೆ ಕಲಮುಗಳು ಬಾಯಿಪಾಠ ಬರುವುದು ಹೇಗೆ ಎಂಬುದು ತನಿಖೆಗೆ ಅರ್ಹ. ದಿನಾಂಕ 13ರಂದು ಗಡ್ಡ ಬೋಳಿಸಿಕೊಂಡರು. ದಿನಾಂಕ 14ರಂದು ಮತ್ತೆ ಬೋಳಿಸಿಕೊಂಡರು. ಹಾಸಿಗೆ ಬಿಸಿಲಿಗೆ ಹಾಕಿಸುವುದು ಆಕ್ಷೇಪಣೆಯೋ ಅಲ್ಲವೋ ಎಂಬುದನ್ನು ಇಲಾಖೆ ಪರಿಶೀಲಿಸುತ್ತಿದೆ.

ನಿನ್ನೆ ಅಂಗಡಿಗೆ ಹೊರಟಿದ್ದೆ. ಅಪ್ಪ ಬಾಗಿಲ ತನಕ ಬಂದರು.

"ಆ ಡಬ್ಬಿ ನೋಡ್ತಾ ಇರ್ತೀಯಾ?"

"ಮೂವತ್ತನೇ ದಿನ ತೆಗೆಯೋದು. ಅಲ್ಲೀತನಕ ಇಲಾಖೆಯೂ ಮುಟ್ಟೋ ಹಾಗಿಲ್ಲ. ನಿಯಮ ಅಂದ್ರೆ ನಿಯಮ."

"ಯಾರು ಮಾಡಿದ ನಿಯಮ?"

"ನಾನೇ."

ಏನೋ ಹೇಳಲು ಹೋದವರು, "ಸರಿ, ನಿಯಮ ಇದ್ರೆ ಇರ್ಲಿ" ಅಂದು ಒಳಗೆ ಹೋದರು. ಪಾಪ, ಆಕ್ಷೇಪಣೆ ಹಾಕಲಾಗದೆ ಚಡಪಡಿಸುತ್ತಿದ್ದಾರೇನೋ ಎಂದು ನನಗೆ ಒಳಗೊಳಗೇ ನಗು.

ಗೇಜು ಮಾಮ ಬಂದಾಗಲೆಲ್ಲ ನನ್ನ ತಲೆ ತಿನ್ನುತ್ತಾರೆ. "ಏನಮ್ಮಾ ಇದು ನಿನ್ನ ಮೂವತ್ತು ದಿನ, ನಾಲ್ವತ್ತು ದಿನ? ನಿಮ್ಮಕ್ಕನಿಗೆ ಈಗ್ಲೇ ಬಾ ಅಂತ ಒಂದು ಮಾತು ಹೇಳಬಾರ್ದಾ?" ಅನ್ನುತ್ತಾರೆ. ಹದಿಮೂರು ದಿನ ತಡೆಯಲಾರದವರು ಅದು ಹೇಗೆ ನೂರರಲ್ಲೊಂದು ಪಾಲು ಅಳೆಯುತ್ತಿದ್ದರೋ. ಆಟವನ್ನು ಅರ್ಧಕ್ಕೆ ಬಿಟ್ಟರೆ ಅದು ಆಟವಲ್ಲ ಅಂತ ಹೇಳಿ ಚಹಾ ಕುಡಿಸಿ ಕಳಿಸಿದೆ.

ನೀನು ಬರುವ ದಿನಕ್ಕೆ ಹೊಸ ಸೀಲು ಕೆತ್ತುತ್ತಿದ್ದೇನೆ. ಏನೆಂದು ಹೇಳುವುದಿಲ್ಲ.

ಪುಟ್ಟಿ


ಜೂನ್ 16

ಪುಟ್ಟಿ,

ವಾಪಸು ಇಲ್ಲಿಗೆ ತಲುಪಿ ನಾಲ್ಕು ದಿನವಾಯಿತು. ಹೊರಡುವಾಗ ನೀನು ಬಾಗಿಲಲ್ಲಿ ನಿಂತು ಒಂದೂ ಮಾತಾಡಲಿಲ್ಲ. ಹುಟ್ಟಿದಾಗಿನಿಂದ ನಿನ್ನನ್ನು ಅಷ್ಟು ಹೊತ್ತು ಸುಮ್ಮನೆ ಕಂಡಿರಲಿಲ್ಲ.

ಮೇ 24ನೇ ತಾರೀಖು ನೀನು ಫೋನು ಮಾಡಿದ ಗಳಿಗೆಯಲ್ಲೇ ಹೊರಟು ನಿಂತರೂ ಮನೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಅವರ ಕುರ್ಚಿಯ ಕೈಯ ಮೇಲೆ ಕನ್ನಡಕ ಮಡಚಿಟ್ಟಿತ್ತು. ಅಷ್ಟನ್ನೇ ನೋಡಿದೆ. ಮೆಟ್ಟಿಲ ಮೇಲೆ ಬಿದ್ದವರನ್ನು ನೀನೂ ಗೇಜು ಮಾಮನೂ ಎತ್ತಿ ಅವರ ಹಾಸಿಗೆಯಲ್ಲಿ ಮಲಗಿಸಿದಿರಿ ಎಂದು ಆಮೇಲೆ ಹೇಳಿದೆ. ಐದನೇ ಕಲಮು. ನಾನು ಬರೆದದ್ದು, ಪಾಲಿಸಿದವಳು ನೀನು.

ನಾನು ಹದಿನೆಂಟು ದಿನ ಅಲ್ಲಿದ್ದೂ ಮಹಡಿ ಕೋಣೆಗೆ ಹೋಗಲಿಲ್ಲ. ನೀನು ಗಮನಿಸಿದೆಯೋ ಇಲ್ಲವೋ. ಕೆಳಗೆ ಚಾಪೆಯ ಮೇಲೆ ಮಲಗಿದೆ. ಮೊದಲು ಮೂವತ್ತು ದಿನ ಆಗಿರಲಿಲ್ಲ. ಆದ ಮೇಲೆ, ಯಾರ ಒಪ್ಪಿಗೆಯಿಂದ ಹೋಗಲಿ? ಇಪ್ಪತ್ತನಾಲ್ಕನೇ ದಿನಕ್ಕೆ ನಿಂತುಹೋದ ಮೌನ ಒಪ್ಪಿಗೆಯೋ ಅಲ್ಲವೋ? ಈ ಪ್ರಶ್ನೆಯನ್ನು ಬೇರೆ ರೂಪದಲ್ಲಿ, ಎರಡು ದೇಶಗಳ ನಡುವಿನದು ಎಂಬಂತೆ, ನನ್ನ ಮೇಲಿನವರಲ್ಲಿ ಕೇಳಿದೆ. ಗಡುವಿಗೆ ಮುಂಚೆ ಪಕ್ಷವೇ ಇಲ್ಲವಾದರೆ ಎಂಬುದಕ್ಕೆ ತಮಗೆ ತಿಳಿದಂತೆ ಉತ್ತರವಿಲ್ಲ ಎಂದರು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ನೋಟಿಸನ್ನು ಹರಿದು ಬಿಸಾಕಿ ನಾನು ಮೇ 12ಕ್ಕೇ ಬರಬಹುದಿತ್ತು. ಇಪ್ಪತ್ತೊಂದು ವರ್ಷದ ಹುಡುಗಿಯ ತಮಾಷೆಯ ಹಿಂದೆ ಅಡಗಿ ಕೂತವಳು ಮೂವತ್ತನಾಲ್ಕು ವರ್ಷದ ನಾನು. ಎರಡನೇ ಸಲ ಗಡಿಯಾರ ನೋಡುತ್ತ ಕೂತೆ, ಅಷ್ಟೇ.

ಒಂದು ಮಾತ್ರ ತಿಳಿಯಬೇಕು. ಡಾಕ್ಟರು ಅಷ್ಟು ಹೇಳಿದ ಮೇಲೂ ಅವತ್ತು ಅವರು ಮೆಟ್ಟಿಲು ಯಾಕೆ ಹತ್ತಿದರು? ನಿನಗೆ ಗೊತ್ತಿದ್ದರೆ ಬರೆ.

ಅಕ್ಕ


ಜುಲೈ 1

ಅಕ್ಕ,

ಫ್ಯಾನು ರಿಪೇರಿಗೆ ಹತ್ತಿರಬೇಕು ಅಂತ ಎಲ್ಲರಿಗೂ ಹೇಳಿದ್ದೆ. ನಿನಗೂ ಹಾಗೇ ಬರೆಯಲು ಕೂತಿದ್ದೆ. ಬರೆಯುವ ಮುಂಚೆ ಫ್ಯಾನನ್ನು ಒಂದು ಸಲ ನೋಡೋಣ ಅಂತ ಮೇಲೆ ಹೋದೆ. ಅವರು ಹೋದ ಮೇಲೆ ನಾನೂ ಕೆಳಗೇ ಮಲಗುತ್ತಿದ್ದೆನಲ್ಲ. ಕೋಣೆಯಲ್ಲಿ ಧೂಳು ಕೂತಿತ್ತು.

ಫ್ಯಾನು ತಿರುಗುತ್ತದೆ. ಸ್ವಿಚ್ಚು ಹಾಕಿದೆ, ತಿರುಗಿತು. ಯಾವಾಗ ಸರಿ ಮಾಡಿದರೋ.

ಅದರ ಗಾಳಿಗೆ ಡಬ್ಬಿಯ ಮೇಲಿನ ಧೂಳು ಹಾರಿತು. ಆಗ ಡಬ್ಬಿ ತೆಗೆದೆ.

ನಮ್ಮ ಕಾಪಿ ಪುಸ್ತಕದ ಮೇಲೆ ಒಂದು ಕಾಗದ ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು. ಲೇತಿನ ನಕ್ಷೆ ಬರೆಯುವ ಚೌಕುಳಿ ಕಾಗದ. ಅವರ ಅಚ್ಚಿನಂಥ ಅಕ್ಷರ. ತಾರೀಖು ಮೇ 2.

ಮೇ 2, ಅಕ್ಕ. ಗಡುವು ಶುರುವಾಗಿ ಎರಡನೇ ದಿನ. ನಾನು ಅಂಗಡಿಯಲ್ಲಿದ್ದೆ.

ಗೇಜು ಮಾಮನ ಮನೆಗೆ ಕಾಗದ ಹಿಡಿದು ಓಡಿದೆ. ಅವರು ಕನ್ನಡಕ ಹಾಕಿಕೊಳ್ಳಲೂ ಇಲ್ಲ. "ಸಿಕ್ತಾ" ಅಂದರು. ಆ ದಿನ ಅವರು ಬಂದಾಗ ಅಪ್ಪ ಹನ್ನೊಂದನೇ ಮೆಟ್ಟಿಲಲ್ಲಿ ಬೆವರಿ ಒದ್ದೆಯಾಗಿ ಕೂತಿದ್ದರಂತೆ. ಮೇಲೆ ಹೋಗಿ ಬರಲು ಮುಕ್ಕಾಲು ಗಂಟೆ ಹಿಡಿದಿತ್ತಂತೆ.

"ಬಾಯಲ್ಲಿ ಹೇಳೋಕೆ ಏನು ರೋಗ ನಿನಗೆ, ಅಂತ ಬೈದೆ ಕಣಮ್ಮಾ" ಅಂದರು ಗೇಜು ಮಾಮ. "ಬಾಯಿಮಾತು ತಗೊಳ್ಳಲ್ವಂತೆ ಮಾರಾಯ, ಅಂದ. ಆಮೇಲೆ, ಬಾಯಲ್ಲಿ ನನಗೆ ಬರಲ್ಲ, ಕಾಗದ ಆದ್ರೆ ಆಯ್ತು, ಅಂದ. ನಿನಗೆ ಹೇಳಬೇಡ ಅಂತ ನನ್ನ ಕೈ ಹಿಡ್ಕೊಂಡ. ಅವಳ ಇಲಾಖೆ, ಅವಳೇ ತೆಗೆದು ನೋಡ್ತಾಳೆ, ಖುಷಿಯಾಗ್ತಾಳೆ ಅಂದ."

ಅದಕ್ಕೇ ಗೇಜು ಮಾಮ ಬಂದಾಗಲೆಲ್ಲ ಅಷ್ಟು ಒತ್ತಾಯ ಮಾಡುತ್ತಿದ್ದರು. ಅದಕ್ಕೇ ಅಪ್ಪ ಡಬ್ಬಿ ನೋಡ್ತೀಯಾ ಅಂತ ಕೇಳಿದ್ದು. ನಾನು ನಿಯಮ ಹೇಳಿದೆ. ನಕ್ಕೆ ಬೇರೆ. ನಿನಗೆ ಅದನ್ನು ಬರೆದು ಕೂಡ ಕಳಿಸಿದೆ.

24ನೇ ತಾರೀಖು ಯಾಕೆ ಹತ್ತಿದರು ಅಂತ ಕೇಳಿದ್ದೆಯಲ್ಲ. ಅವತ್ತು ಬೆಳಿಗ್ಗೆ ಗೇಜು ಮಾಮ ಅಪ್ಪನಿಗೆ, ಅವಳು ಮೂವತ್ತನೇ ದಿನದ ತನಕ ತೆಗೆಯಲ್ಲ, ನೀನೇ ತಂದು ಅವಳ ಕೈಗೆ ಕೊಡು ಅಂದಿದ್ದರಂತೆ. ಹೇಳಿ ಮನೆಗೆ ಹೋದವರು ಮನಸ್ಸು ತಡೆಯದೆ ತಿರುಗಿ ಬಂದರಂತೆ. ಅಷ್ಟರಲ್ಲಿ ಅಪ್ಪ ನಾಲ್ಕನೇ ಮೆಟ್ಟಿಲ ಹತ್ತಿರ. ಅದನ್ನು ಹೇಳುತ್ತ ಗೇಜು ಮಾಮ ತಮ್ಮ ಗೇಜನ್ನು ತೆಗೆದು ಮೇಜಿನ ಮೇಲಿಟ್ಟರು. ನಾನು ಹೊರಡುವ ತನಕ ಮತ್ತೆ ಜೇಬಿಗೆ ಹಾಕಿಕೊಳ್ಳಲಿಲ್ಲ.

ನೀನು ಬರುವ ದಿನಕ್ಕೆ ಕೆತ್ತುತ್ತಿದ್ದ ಸೀಲು ಮುಗಿದಿದೆ. "ಪರಿಶೀಲಿಸಿ ಸಮ್ಮತಿಸಲಾಗಿದೆ" ಅಂತ. ಈ ಕಾಗದಕ್ಕೆ ಒತ್ತಲು ಹೋಗಿ ಕೈ ಬರಲಿಲ್ಲ. ಯಾವ ಸೀಲನ್ನೂ ಒತ್ತಿಲ್ಲ. ನೋಡು, ಕೆಳಗೆ ಖಾಲಿ.

ಅಪ್ಪನ ಕಾಗದವನ್ನು ಕಳಿಸುವ ಧೈರ್ಯವಿಲ್ಲ. ಟಪಾಲಿನಲ್ಲಿ ಕಳೆದರೆ ಇನ್ನೊಂದು ಇಲ್ಲ. ಅದರಲ್ಲಿ ಇರುವುದನ್ನು ಇದ್ದ ಹಾಗೇ ನಕಲು ಮಾಡುತ್ತಿದ್ದೇನೆ. ಮೇಲೆ ಕೋಣೆಯ ನಕ್ಷೆ ಇದೆ: ಕಿಟಕಿ, ಫ್ಯಾನು, ಎರಡು ಮಂಚ. ಪ್ರತಿಯೊಂದಕ್ಕೂ ಉದ್ದಗಲ ಬರೆದಿದ್ದಾರೆ. ಒಂದು ಮಂಚದ ಮೇಲೆ "ದೊಡ್ಡವಳು" ಅಂತ ಇದೆ. ಅದರ ಕೆಳಗೆ:

"ಅಳತೆ ಹಾಕಿದ್ದೇನೆ, ಆದ್ದರಿಂದ ಸಹಿ ಹಾಕುತ್ತೇನೆ. ಒಪ್ಪಂದಕ್ಕೆ ನಾನೂ ಸೇರಿದ್ದೇನೆ. ಆಕ್ಷೇಪಣೆ ಇಲ್ಲ. ರಿಂಗಿನ ಮಾತು ನಾನು ಎತ್ತುವುದಿಲ್ಲ, ಅವಳೂ ಎತ್ತುವುದು ಬೇಡ. ಅಲ್ಲಿಗೆ ಹೋಗಿ ಅಳೆಯುವವರು ಸದ್ಯಕ್ಕೆ ಯಾರೂ ಇಲ್ಲ. ಮೂವತ್ತು ದಿನ ಬಹಳ ಆಯಿತು.

ಬರಬೇಕಾದ ದಿನ: ನಾಳೆ.
ಹೆಚ್ಚು-ಕಡಿಮೆ: ಸೊನ್ನೆ."

ಪುಟ್ಟಿ